ಮೊದಲು ಮಾಳಿಗೆ, ಆಮೇಲೆ ರೊಟ್ಟಿ

ಈಚೆಗೆ ಯಾವ ಹೋಟೆಲಿಗೆ ಹೋದರೂ ನಾನು ಮೊದಲು ಮೇಲೆ ನೋಡುತ್ತೇನೆ. ಉಳಿದವರು ಒಳಗೆ ಕಾಲಿಡುತ್ತಲೇ ಗೋಡೆಯ ಮೇಲಿನ ತಿಂಡಿಗಳ ಹೆಸರನ್ನೋ, ಪಕ್ಕದ ಮೇಜಿನವರ ತಾಟನ್ನೋ, ಇನ್ನೇನು ಖಾಲಿಯಾಗಲಿರುವ ಕುರ್ಚಿಯನ್ನೋ ಹುಡುಕಿದರೆ, ನಾನು ಬಾಗಿಲಲ್ಲೇ ನಿಂತು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ಮಾಳಿಗೆಯ ಅಧ್ಯಯನಕ್ಕೆ ತೊಡಗುತ್ತೇನೆ. ಅದು ಸಿಮೆಂಟಿನದೋ, ತಗಡಿನದೋ, ಕಲ್ಲಿನದೋ. ಎಲ್ಲಾದರೂ ಬಿರುಕಿದೆಯೋ, ಸುಣ್ಣ ಎದ್ದಿದೆಯೋ, ಒದ್ದೆಯ ಕಲೆ ಹರಡಿದೆಯೋ. ಫಾಲ್ಸ್ ಸೀಲಿಂಗ್ ಹಾಕಿಸಿದ ಹೊಸ ರೆಸ್ಟೋರೆಂಟುಗಳಲ್ಲಂತೂ ನನಗೆ ತುತ್ತೇ ಇಳಿಯುವುದಿಲ್ಲ. ಅಡಿಯಿಂದ ಮುಡಿಯವರೆಗೆ ಚಾದರ ಹೊದ್ದು ಮಲಗಿದ ರೋಗಿಯನ್ನು ವೈದ್ಯನಾದರೂ ಹೇಗೆ ಪರೀಕ್ಷಿಸಿಯಾನು?

ಈ ಅಭ್ಯಾಸದಿಂದ ಊರಿನಲ್ಲಿ ನನಗೆ ಸಾಕಷ್ಟು ಕೀರ್ತಿ ಬಂದಿದೆ. ಗಾಜಿಪುರದ ಓಣಿಯಲ್ಲಿ ತಹರಿ ಮಾಡುವ ಮುದುಕರೊಬ್ಬರಿದ್ದಾರೆ. ಅವರ ತಹರಿ ಎಂದರೆ ಅರಿಸಿನದ ಬಣ್ಣದ ಬಿಡಿಬಿಡಿ ಅನ್ನ, ಅದರೊಳಗೆ ಅಡಗಿ ಕೂತ ಆಲೂಗಡ್ಡೆ, ಬದಿಗೆ ಹುಳಿಹುಳಿ ಚಟ್ನಿ. ಕಾಲೇಜಿನ ದಿನಗಳಿಂದ ನಾನು ಅವರ ಗಿರಾಕಿ. ಮೊನ್ನೆ ನಾನು ಅವರ ತೊಲೆಗಳನ್ನು ಒಂದೊಂದಾಗಿ ದಿಟ್ಟಿಸುತ್ತಿದ್ದಾಗ ಅವರು ಸೌಟು ಕೆಳಗಿಟ್ಟು, "ಏನ್ ಸರ, ಉಣ್ಣಾಕ ಬಂದೀರೋ, ಬಿಲ್ಡಿಂಗ್ ಖರೀದಿ ಮಾಡಾಕ ಬಂದೀರೋ?" ಎಂದು ಕೇಳಿದರು. ಊರ ಹೊರಗಿನ ಬಾರಿನಲ್ಲಿ ಇದಕ್ಕಿಂತ ಹೆಚ್ಚಿನ ಸನ್ಮಾನವಾಯಿತು. ನಾನು ಕುಡಿಯುವವರ ಸಾಲಿಗೆ ಸೇರಿದವನೆಂದು ಹೇಳಿಕೊಳ್ಳುವಷ್ಟು ಯೋಗ್ಯತೆ ಸಂಪಾದಿಸಿಲ್ಲ. ಒಂದು ಬಿಯರನ್ನು ಬೆಚ್ಚಗಾಗುವವರೆಗೆ ಹಿಡಿದು ಕೂತು, ಉಳಿದವರ ಪಾಲಿನ ಮಸಾಲೆ ಶೇಂಗಾ ತಿಂದು ಮುಗಿಸುವುದು ನನ್ನ ಪದ್ಧತಿ. ಅಲ್ಲಿಯ ವೇಟರ್ ನನ್ನನ್ನು ಸ್ವಲ್ಪ ಹೊತ್ತು ಗಮನಿಸಿ, ಬಹಳ ಕರುಣೆಯಿಂದ, "ಸರ, ಇನ್ನಾ ಬಾಟ್ಲಿ ಬಂದೇ ಇಲ್ಲ, ಆಗಲೇ ಮ್ಯಾಲ ನೋಡ್ಲಾಕತ್ತೀರಲ್ರಿ?" ಎಂದ.

ನನ್ನ ಗೆಳೆಯ ಇಸ್ಮಾಯಿಲ್ ಮಾರ್ಕೆಟ್ಟಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ನಾನು ಪಾಠ ಹೇಳುವ ಕಾಲೇಜಿನಲ್ಲೇ ನಾವಿಬ್ಬರೂ ಒಂದು ಕಾಲಕ್ಕೆ ಒಂದೇ ಬೆಂಚಿನಲ್ಲಿ ಕೂತು ನಿದ್ರಿಸಿದವರು. ಅವನು ನನ್ನನ್ನು ತನ್ನ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ತೀರ್ಪು ಕೊಟ್ಟ: "ನಿನ್ನ ಕಣ್ಣಿಗೆ ಏನೂ ಆಗಿಲ್ಲೋ ಮಾಸ್ತರ. ಕುತ್ತಿಗಿಗೆ ಆಗ್ಯಾದ. ಅದಕ್ಕ ನನ್ನ ಅಂಗಡ್ಯಾಗ ಔಷಧ ಇಲ್ಲ."

ಹಾಗೆ ನಗುವ ಹಕ್ಕು ಊರಿನಲ್ಲಿ ಬೇರೆ ಯಾರಿಗಿಂತ ಅವನಿಗೆ ಹೆಚ್ಚು. ಏಕೆಂದರೆ ಆವತ್ತು ಕಲ್ಲು ಬಿದ್ದದ್ದು ಅವನ ಕುರ್ಚಿಯ ಮೇಲೆ. ನಾನು ಬರೀ ನೋಡಿದವನು.

ಅದನ್ನು ಹೇಳುವ ಮೊದಲು ನೀಲಮ್ಮಕ್ಕನ ಖಾನಾವಳಿಯನ್ನು ನಿಮಗೆ ತೋರಿಸಬೇಕು. ಹೊರಗಿನಿಂದ ಬಂದ ನೆಂಟರು "ನಿಮ್ಮ ಕಲಬುರಗಿಯಲ್ಲಿ ಎಲ್ಲಿ ಊಟ ಮಾಡಬೇಕು?" ಎಂದು ಕೇಳಿದರೆ ನಾನು ಗಂಟೆಗಟ್ಟಲೆ ಮಾತಾಡಬಲ್ಲವನಾಗಿದ್ದೆ. ಬೆಳಗಿನ ಸುಸಲಾಕ್ಕೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿಗೆ, ಇಂಥ ಕಡೆ, ಅದರ ಜೊತೆಗಿನ ಮಿರ್ಚಿ ಭಜಿಗೆ ಮಾತ್ರ ಎದುರಿನ ಗಾಡಿ. ಸಿಹಿಯಾದ ಬಿಸಿ ಮಾಲ್ಪುರಿಗೆ ದರ್ಗಾದ ಹಾದಿ. ಚಹಾಕ್ಕೆ ಸೇಡಂ ರಸ್ತೆಯಲ್ಲಿ ಆಸ್ಪತ್ರೆಗಳ ನಡುವೆ ಸಿಕ್ಕಿಕೊಂಡ ಒಂದು ಗೂಡು, ಅಲ್ಲಿ ರೋಗಿಗಳ ಕಡೆಯವರೂ ಡಾಕ್ಟರುಗಳೂ ಒಂದೇ ಬೆಂಚಿನಲ್ಲಿ ಕೂತು ಒಬ್ಬರನ್ನೊಬ್ಬರು ನೋಡದಂತೆ ಚಹಾ ಕುಡಿಯುತ್ತಾರೆ. ಆದರೆ ಮಧ್ಯಾಹ್ನದ ಊಟ ಎಂದೊಡನೆ ನನ್ನ ವಾಕ್ಚಾತುರ್ಯ ನಿಂತು, ನಾನು ನೆಂಟರ ಕೈಹಿಡಿದು ಸುಮ್ಮನೆ ನೀಲಮ್ಮಕ್ಕನ ಖಾನಾವಳಿಗೆ ನಡೆಯುತ್ತಿದ್ದೆ. ನನ್ನ ಹೆಂಡತಿ ಬೆಳಿಗ್ಗೆಯೇ ತನ್ನ ಶಾಲೆಯ ಬಸ್ಸು ಹಿಡಿಯುವವಳಾದ್ದರಿಂದ ನನ್ನ ಮಧ್ಯಾಹ್ನಗಳೆಲ್ಲ ಅಲ್ಲಿಯೇ ಕಳೆದಿವೆ.

ಅದು ಗಾಜಿಪುರದ ಹಳೆಯ ಮನೆ. ಮುಂದೆ ಒಂದು ಉದ್ದನೆಯ ಕೋಣೆ, ಅದಕ್ಕೆ ನಮ್ಮ ಕಡೆಯ ಎಲ್ಲ ಹಳೆಯ ಮನೆಗಳಂತೆ ಶಹಾಬಾದ್ ಕಲ್ಲಿನ ಮಾಳಿಗೆ. ತೊಲೆಯಿಂದ ತೊಲೆಗೆ ಅಗಲವಾದ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಮಣ್ಣು ಹೇರಿದ್ದು. ಉಣ್ಣುವವರು ಈ ಕೋಣೆಯಲ್ಲಿ. ಹಿಂದುಗಡೆ ಗೋಡೆಗೆ ತಗುಲಿಸಿ ಇಳಿಬಿಟ್ಟ ತಗಡಿನ ಕೆಳಗೆ ನೀಲಮ್ಮಕ್ಕನ ಒಲೆ. ಅವರ ಒಂದು ಕಟ್ಟಳೆಯಿತ್ತು. ಪಲ್ಯ, ಬ್ಯಾಳಿ, ಖಾರ ಚಟ್ನಿಯ ಹಿಂಡಿ, ಮೊಸರು ಎಲ್ಲ ಮೇಜಿಗೆ ಬರುತ್ತಿದ್ದವು. ರೊಟ್ಟಿ ಮಾತ್ರ ಬರುತ್ತಿರಲಿಲ್ಲ. ಹಂಚಿನಿಂದ ಮೇಜಿಗೆ ಬರುವಷ್ಟರಲ್ಲಿ ಉಬ್ಬಿದ ರೊಟ್ಟಿಯ ಉಸಿರು ಹೋಗುತ್ತದೆ, ಉಸಿರು ಹೋದದ್ದನ್ನು ಉಣ್ಣಬಾರದು ಎಂಬುದು ಅವರ ನಂಬಿಕೆ. ಆದ್ದರಿಂದ ರೊಟ್ಟಿ ಉಬ್ಬಿದ ಕ್ಷಣ ಒಳಗಿನಿಂದ ಅವರು ಕೂಗುತ್ತಿದ್ದರು: "ಉಬ್ಬ್ಯಾದ ನೋಡ್ರಿ, ಜಲ್ದಿ ಬರ್ರಿ!" ಕೂಗಿದೊಡನೆ ಸರದಿಯವರು ತಾಟು ಹಿಡಿದು ಎದ್ದು ಓಡಬೇಕು. ವಕೀಲರು ಓಡುತ್ತಿದ್ದರು, ಹಮಾಲರು ಓಡುತ್ತಿದ್ದರು, ಮಂಡಿ ನೋವಿನ ನಿವೃತ್ತ ಅಧಿಕಾರಿಗಳು ಕಚೇರಿಯಲ್ಲಿ ಎಂದೂ ತೋರದ ಚುರುಕಿನಿಂದ ಓಡುತ್ತಿದ್ದರು. ತಡಮಾಡಿದವನ ರೊಟ್ಟಿ ಅವನ ಹಿಂದಿನವನ ಪಾಲು.

ಬೇಸಿಗೆಯಲ್ಲಿ ಊರೆಲ್ಲ ಹಂಚಿನಂತೆ ಕಾದಾಗಲೂ ಆ ಕೋಣೆ ತಂಪಾಗಿರುತ್ತಿತ್ತು. ಅದು ನೀಲಮ್ಮಕ್ಕನ ಅಭಿಮಾನದ ವಿಷಯ. ಪ್ರತಿ ಮಳೆಗಾಲಕ್ಕೆ ಮುಂಚೆ, ಸೋರಬಾರದೆಂದು, ಮಾಳಿಗೆಯ ಮೇಲೆ ಒಂದು ಪದರ ಹೊಸ ಮಣ್ಣು ಹಾಕಿಸುತ್ತಿದ್ದರು. ಹಳೆಯದನ್ನು ತೆಗೆಸಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಬೇಸಿಗೆಯಲ್ಲಿ ದಿನಾ ಆ ಮಣ್ಣಿನ ಮೇಲೆ ಗೋಣಿಚೀಲ ಹಾಸಿ ನೀರು ಹೊಡೆಯುತ್ತಿದ್ದರು. ಒಂದು ವರ್ಷವಂತೂ ಮಾಳಿಗೆಯ ಮೇಲೆ ಜೋಳದ ಗಿಡವೊಂದು ಹುಟ್ಟಿ ತೆನೆ ಬಿಟ್ಟಿತು. ನಾವೆಲ್ಲ ಹೊರಗೆ ನಿಂತು ಕತ್ತೆತ್ತಿ ನೋಡಿ ಮೆಚ್ಚಿದೆವು. "ಬರೋ ವರ್ಷ ಜ್ವಾಳ ಕೊಳ್ಳೋದೇ ಬ್ಯಾಡ, ಮ್ಯಾಲ ಬೆಳೀತೀನಿ, ಕೆಳಗ ಬಡೀತೀನಿ" ಎಂದು ನೀಲಮ್ಮಕ್ಕ ನಕ್ಕಿದ್ದರು. ಒಂದು ಮನೆ ತನ್ನ ತಲೆಯ ಮೇಲೆ ಹೊಲವನ್ನು ಹೊತ್ತು ನಿಂತಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ತಂಪು ಹಿತವಾಗಿತ್ತು, ಹಿತವಾದದ್ದರ ಭಾರವನ್ನು ಯಾರು ತೂಗುತ್ತಾರೆ?

ಆವತ್ತು ನಾನು ಊಟ ಮುಗಿಸಿ ಬಾಗಿಲ ಬಳಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಇಸ್ಮಾಯಿಲ್ ಕೊನೆಯ ರೊಟ್ಟಿಗಾಗಿ ನಮ್ಮ ಮೂಲೆಯ ಮೇಜಿನಲ್ಲಿ ಕಾಯುತ್ತ ಕೂತಿದ್ದ. ಒಳಗಿನಿಂದ ಕೂಗು ಬಂತು, ಅವನು ತಾಟು ಹಿಡಿದು ಎದ್ದು ಹಿಂದಕ್ಕೆ ಹೋದ. ನಾನು ಟವೆಲಿಗೆ ಕೈ ಚಾಚುತ್ತ ತಿರುಗಿದಾಗ ನಮ್ಮ ಮೇಜಿನ ಮೇಲೆ ಮಣ್ಣು ಉದುರುತ್ತಿತ್ತು. ಸಣ್ಣಗೆ, ನೇರವಾಗಿ, ಯಾರೋ ಮೇಲಿನಿಂದ ಬಹಳ ಜೋಪಾನವಾಗಿ ಉಪ್ಪು ಉದುರಿಸುತ್ತಿರುವಂತೆ. ಅದೇನೆಂದು ನನ್ನ ಬುದ್ಧಿ ಕೇಳಿಕೊಳ್ಳುವ ಮೊದಲೇ ಚಪ್ಪಡಿ ಬಂತು. ಶಬ್ದ ನನಗೆ ನೆನಪಿಲ್ಲ. ನೆನಪಿರುವುದು ಆಮೇಲಿನ ಬೆಳಕು. ಎಂದೂ ಬಿಸಿಲು ಕಾಣದ ಆ ಮೂಲೆಯಲ್ಲಿ ಆಕಾಶದಿಂದ ನೇರವಾಗಿ ಇಳಿದ ಬಿಸಿಲಿನ ಕಂಬ, ಅದರೊಳಗೆ ನಿಧಾನವಾಗಿ ಏಳುತ್ತಿದ್ದ ಧೂಳು, ಕೆಳಗೆ ಮೇಜು ಇದ್ದಲ್ಲಿ ಒಂದು ರಾಶಿ ಮಣ್ಣು. ಆ ಧೂಳನ್ನು ಸೀಳಿಕೊಂಡು ಇಸ್ಮಾಯಿಲ್ ಬಂದ. ಹುಬ್ಬಿನಿಂದ ಚಪ್ಪಲಿಯವರೆಗೆ ಬೆಳ್ಳಗಾಗಿದ್ದ. ಕೈಯಲ್ಲಿ ತಾಟು, ತಾಟಿನಲ್ಲಿ ಇನ್ನೂ ಉಬ್ಬಿಕೊಂಡೇ ಇದ್ದ ರೊಟ್ಟಿ. ಸುತ್ತ ನೋಡಿ, ಬಹಳ ಸಹಜವಾಗಿ, "ಮಾಸ್ತರ, ನನ್ನ ಕುರ್ಚಿ ಎಲ್ಲಿ?" ಎಂದು ಕೇಳಿದ.

ಯಾರಿಗೂ ಒಂದು ಗೀರೂ ಆಗಲಿಲ್ಲ. ಓಣಿಯ ಜನ ದೇವರು ದೊಡ್ಡವನೆಂದರು, ಅಲ್ಲಾ ಕಾಪಾಡಿದನೆಂದರು, ಮನೆಯನ್ನು ಬಾಡಿಗೆಗೆ ಕೊಟ್ಟಿದ್ದ ಯಜಮಾನ ಉಳಿದ ಮಾಳಿಗೆಯನ್ನೂ ಇಳಿಸಿಹಾಕಿದ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನೊಳಗೆ ಅದು ಮುಗಿಯುವುದಿಲ್ಲ. ತರಗತಿಯಲ್ಲಿ ಬೇಡಿಕೆ ಪೂರೈಕೆಯ ರೇಖೆ ಎಳೆಯುತ್ತಿದ್ದಾಗ ಸುಣ್ಣದಕಡ್ಡಿಯ ಪುಡಿ ಉದುರಿದರೆ ಸಾಕು, ಮತ್ತೆ ಆ ಮೂಲೆ, ಮತ್ತೆ ಆ ಮಣ್ಣು. ನನ್ನ ಮನಸ್ಸಿನ ಪ್ರದರ್ಶನದಲ್ಲಿ ಒಮ್ಮೊಮ್ಮೆ ರೊಟ್ಟಿ ಉಬ್ಬುವುದಿಲ್ಲ, ಒಮ್ಮೊಮ್ಮೆ ಇಸ್ಮಾಯಿಲ್ "ಇರ್ಲಿ, ಸಾಕು" ಎಂದು ಕೂತೇ ಇರುತ್ತಾನೆ. ಇಸ್ಮಾಯಿಲನಿಗೆ ಈ ತೊಂದರೆಯಿಲ್ಲ. ಕಲ್ಲು ಬಿದ್ದಾಗ ಅವನು ಅದಕ್ಕೆ ಬೆನ್ನು ಹಾಕಿದ್ದ. ಕಣ್ಣಿಟ್ಟು ನೋಡಿದ ತಪ್ಪಿಗೆ ದಂಡ ತೆರುತ್ತಿರುವವನು ನಾನು. ಒಳಗೆ ಕೂತು ಉಣ್ಣುವುದನ್ನೇ ನಾನು ಬಹುಮಟ್ಟಿಗೆ ಬಿಟ್ಟೆ. ಅನಿವಾರ್ಯವಾದರೆ ಬಾಗಿಲ ಪಕ್ಕದ ಕುರ್ಚಿ. ಇಲ್ಲವಾದರೆ ರಸ್ತೆ ಬದಿಯ ಗಾಡಿಯ ಮುಂದೆ, ನಿರ್ಮಲವಾದ ಆಕಾಶದ ಕೆಳಗೆ, ನಿಂತು.

ನೀಲಮ್ಮಕ್ಕ ಊರನ್ನೇ ಬಿಟ್ಟರು. ಕಮಲಾಪುರದಲ್ಲಿದ್ದ ತಂಗಿಯ ಮನೆ ಸೇರಿ, ಇನ್ನು ಒಲೆ ಹೂಡುವುದಿಲ್ಲ ಎಂದು ಹೇಳಿಕಳಿಸಿದರು. ಇಸ್ಮಾಯಿಲ್ ಫೋನು ಮಾಡಿ, ಹೊಸ ಖಾನಾವಳಿಗೆ ಒಂದು ಜಾಗ ನೋಡಿದ್ದೇನೆ ಎಂದರೆ, ಆರೋಗ್ಯ ವಿಚಾರಿಸಿ ಇಟ್ಟುಬಿಡುತ್ತಿದ್ದರು. ಅವನಿಗೆ ಇದು ಸಹಿಸಲಾರದ ಸಂಗತಿಯಾಯಿತು. ತನ್ನ ಜೀವ ಉಳಿಸಿದ ಹೆಂಗಸು ತಪ್ಪಿತಸ್ಥಳಂತೆ ಮೂಲೆ ಹಿಡಿದು ಕೂತಿರುವಾಗ ತಾನು ಹಾಯಾಗಿ ಕನ್ನಡಕ ಮಾರಿಕೊಂಡಿರುವುದು ಹೇಗೆ ಎಂದು ಅವನ ಪ್ರಶ್ನೆ. ಒಂದು ಭಾನುವಾರ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿಸಿದ.

ಕಮಲಾಪುರದ ಕೆಂಪು ಬಾಳೆಹಣ್ಣಿನ ಕೀರ್ತಿಯನ್ನು ನಾನು ಹೇಳಬೇಕಾಗಿಲ್ಲ. ಆ ಮನೆಯ ಅಂಗಳದಲ್ಲೂ ಗೊನೆಯೊಂದು ತೂಗುತ್ತಿತ್ತು. ಬೇವಿನ ಮರದ ಕೆಳಗೆ ನಾಲ್ಕಾರು ಹೆಂಗಸರ ನಡುವೆ ಕೂತು ನೀಲಮ್ಮಕ್ಕ ಒಣಗಿದ ಖಡಕ್ ರೊಟ್ಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿದ್ದರು. ಸೆರಗಿನಿಂದ ಕೈ ಒರೆಸಿ ನಮಗೆ ಹಣ್ಣು ಕೊಟ್ಟರು. ಅವರ ದನಿಯಲ್ಲಿ ಎಂದಿನ ಏರು ಇರಲಿಲ್ಲ.

"ಇದ ಚಲೋ ನೋಡ್ರಿ," ಎಂದರು, ಒಂದು ಚೀಲವನ್ನು ಎತ್ತಿ ತೋರಿಸುತ್ತ. "ಯಾರೂ ಬಂದು ಕೂಡೋದು ಬ್ಯಾಡ. ತಗೊಂಡು ಅವರವರ ಮನ್ಯಾಗ ಉಣ್ತಾರ. ಅವರ ಮಾಳ್ಗಿ ಅವರು ನೋಡ್ಕೋತಾರ."

ಇಸ್ಮಾಯಿಲ್ ಬಸ್ಸಿನಲ್ಲಿ ಸಿದ್ಧಪಡಿಸಿದ ಭಾಷಣವನ್ನು ತೆಗೆದ. "ಅಕ್ಕಾ, ನೀ ಕರೀಲಿಲ್ಲಂದ್ರ ನಾ ಇವತ್ತ ಇರ್ತಿರಲಿಲ್ಲ. ನೀ ಉಳಿಸೀದಿ ನನ್ನ."

"ನಾ ಎಲ್ಲಿ ಉಳಿಸೀನೋ ಯಪ್ಪಾ? ರೊಟ್ಟಿ ಉಬ್ಬಿಲ್ಲಂದ್ರ? ಹಿಟ್ಟು ಹಳೀದಾಗಿತ್ತಂದ್ರ?" ನೀಲಮ್ಮಕ್ಕ ಚೀಲವನ್ನು ಕೆಳಗಿಟ್ಟರು. "ನನಗ ಏನ್ ಸುಡ್ತದ ಗೊತ್ತದೇನು? ಮಣ್ಣು ಹಾಕಿಸ್ದಾಕಿ ನಾನು, ನೀರು ಹೊಡ್ದಾಕಿ ನಾನು. ಖರೆ ನಾ ಕೂತಿದ್ದು ತಗಡಿನ ಕೆಳಗ. ನಿಮ್ಮನ್ನ ಕೂಡಿಸಿದ್ದು ಕಲ್ಲಿನ ಕೆಳಗ. ಇಷ್ಟು ವರ್ಷ, ದಿನಾ. ಬಿದ್ರ ನಾ ಬದುಕ್ತಿದ್ದೆ, ನೀವು ಸಾಯ್ತಿದ್ರಿ."

ಆ ಮಧ್ಯಾಹ್ನವನ್ನು ನನ್ನಂತೆಯೇ ಮತ್ತೆ ಮತ್ತೆ ನೋಡುತ್ತಿರುವವರು ಇನ್ನೊಬ್ಬರಿದ್ದಾರೆ ಎಂದು ತಿಳಿದು ನನ್ನ ಎದೆ ಒಮ್ಮೆ ಹಗುರಾಯಿತು. ಆ ಹಗುರಕ್ಕೆ ನಾಚಿಕೆಯೂ ಆಯಿತು. ನಾನು ಬಾಳೆಹಣ್ಣಿನ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದೆ.

ಭಾಷಣ ಸೋತಲ್ಲಿ ಇಸ್ಮಾಯಿಲ್ ಚಾಡಿಗೆ ಇಳಿಯುತ್ತಾನೆ. "ಅಕ್ಕಾ, ನನ್ನ ಬಿಡು. ಈ ಮಾಸ್ತರನ್ನ ನೋಡು. ಒಳಗ ಬಾ ಅಂದ್ರ ಮಾಳ್ಗಿ ನೋಡ್ತಾನ, ಮಾಳ್ಗಿ ನೋಡಿ ಹೊರಗ ಹೋಗ್ತಾನ. ಈಗ ದಿನಾ ಗಾಡಿ ಮುಂದ ನಿಂತೇ ತಿಂತಾನ."

ನೀಲಮ್ಮಕ್ಕ ನನ್ನ ಕಡೆ ತಿರುಗಿದರು. "ನಿಂತು? ಮಧ್ಯಾಹ್ನದ ಊಟಾನೂ?"

"ಹೌದ್ರಿ ಅಕ್ಕ."

"ಎಷ್ಟ್ ದಿವಸದಿಂದ?"

"ಅವತ್ತಿನಿಂದನೇ."

"ನಿಂತು ತಿನ್ನಾಕ ನೀವೇನು ದನ ಅದೀರೇನ್ರಿ?" ಅಂಗಳದ ಆಚೆ ತುದಿಯಲ್ಲಿದ್ದ ಕೋಳಿಯೊಂದು ಬೆಚ್ಚಿ ಓಡುವಷ್ಟು ಏರಿತ್ತು ಆ ದನಿ. "ಕಾಲೇಜ್ನಾಗ ಹುಡುಗರಿಗೆ ಏನ್ ಕಲಿಸ್ತೀರಿ ನೀವು? ನಿಂತು ತಿಂದಿದ್ದು ಮೈಗೆ ಹತ್ತತದೇನು? ನೋಡ್ರಿ, ಮಾರಿ ಹ್ಯಾಂಗ ಆಗ್ಯಾದ, ಒಣಗಿದ ಬದನೀಕಾಯಿ ಆದಂಗ! ನಿಮ್ಮ ಮನಿಯವ್ರು ಏನೂ ಅನ್ನೋದಿಲ್ಲೇನು?"

ಎಷ್ಟೋ ವರ್ಷಗಳಿಂದ ನನ್ನನ್ನು ಯಾರೂ ಅಷ್ಟು ಬೈದಿರಲಿಲ್ಲ. ಕೇಳಲು ಬಹಳ ಸಮಾಧಾನವಾಯಿತು. ಇಸ್ಮಾಯಿಲನ ಕೃತಜ್ಞತೆಗೆ ಕರಗದಿದ್ದ ನೀಲಮ್ಮಕ್ಕನ ಮನಸ್ಸು, ಪರಿಚಯದ ಮನುಷ್ಯನೊಬ್ಬ ಕೂತು ಉಣ್ಣುತ್ತಿಲ್ಲ ಎಂಬ ಸಿಟ್ಟಿಗೆ ಎದ್ದು ನಿಂತಿತು. ನಾವು ಬಸ್ಸು ಹತ್ತುವಾಗ ಅವರು ಕೇಳಿದ್ದು ಒಂದೇ: "ಏನೋ ಜಾಗ ಅದಾ ಅಂದಿದ್ಯಲ್ಲೋ ಇಸ್ಮಾಯಿಲ್, ಅದರ ಮಾಳ್ಗಿ ಎಂಥಾದು?"

ಜಾಗವಿದ್ದದ್ದು ಶರಣಸಿರಸಗಿಯ ಕಡೆ, ತೊಗರಿ ಹೊಲಗಳ ನಡುವೆ ಎದ್ದ ಹೊಸ ಬಡಾವಣೆಯಲ್ಲಿ. ಇಸ್ಮಾಯಿಲನ ಚಿಕ್ಕಪ್ಪನ ಮಗ ರಫೀಕ್ ಕಟ್ಟಿಸಿದ ಅಂಗಡಿ, ಸಿಮೆಂಟಿನ ಗಟ್ಟಿ ಮಾಳಿಗೆ. ನೀಲಮ್ಮಕ್ಕ ನಮ್ಮೆಲ್ಲರನ್ನೂ ಹೊರಗೆ ನಿಲ್ಲಿಸಿ ತಾವೊಬ್ಬರೇ ಒಳಗೆ ಹೋದರು. ಕೋಣೆಯ ನಟ್ಟನಡುವೆ ಬರಿಯ ನೆಲದ ಮೇಲೆ ಕಾಲು ಚಾಚಿ ಕೂತರು. ಬಹಳ ಹೊತ್ತು ಹಾಗೆಯೇ ಕೂತಿದ್ದರು. ನೀರಿನಲ್ಲಿ ಇಳಿದು ಆಳ ನೋಡುವವರ ಹಾಗೆ, ಮಾಳಿಗೆಯ ಕೆಳಗೆ ತಮ್ಮ ತಲೆಯನ್ನು ಇಟ್ಟು ನೋಡುತ್ತಿದ್ದರೆಂದು ಕಾಣುತ್ತದೆ. ಆಮೇಲೆ ತಾವು ಕೂತ ಜಾಗವನ್ನು ಅಂಗೈಯಿಂದ ಬಡಿದು, "ಒಲಿ ಇಲ್ಲಿ" ಎಂದರು.

ರಫೀಕ್ ಗಾಬರಿಯಾದ. "ಅಮ್ಮಾ, ಅಡಗಿ ಖೋಲಿ ಹಿಂದ ಅದಾ. ಇಲ್ಲಿ ಗಿರಾಕಿ ಕೂಡ್ತಾರ."

"ಗೊತ್ತದ. ಅವರೂ ಇಲ್ಲೇ, ನಾನೂ ಇಲ್ಲೇ."

"ಕಾವು ಆಗ್ತದಲ್ರಿ!"

"ಬ್ಯಾಸಿಗ್ಯಾಗ ನಾವೇ ರೊಟ್ಟಿ ಆಗ್ತೀವಿ ಅಕ್ಕಾ," ಎಂದ ಇಸ್ಮಾಯಿಲ್.

"ಆಗ್ರಿ. ನಾನೂ ಆಗ್ತೀನಿ. ಎಲ್ಲಾರೂ ಒಂದೇ ಮಾಳ್ಗಿ ಕೆಳಗ ಆಗೂಣ." ಮೇಲೆದ್ದು ಸೀರೆ ಕೊಡವಿಕೊಂಡು ರಫೀಕನಿಗೆ ಇನ್ನೊಂದು ಆಜ್ಞೆ ಕೊಟ್ಟರು: "ಮ್ಯಾಲ ನೀರಿನ ಟಾಕಿ ಇಟ್ಟೀಯಲ್ಲ, ಅದನ್ನ ಕೆಳಗ ಇಳಿಸು. ಮಾಳ್ಗಿ ಮ್ಯಾಲ ಒಂದ್ ಚರಿಗಿ ನೀರೂ ಇರಬಾರದು."

ಹೊಸ ಟಾಕಿಯನ್ನು ಅಂಗಳಕ್ಕೆ ಇಳಿಸುವಾಗ ರಫೀಕ್ ತನ್ನ ಅಣ್ಣ ಇಸ್ಮಾಯಿಲನ ಕಡೆ ನೋಡಿದ ನೋಟವನ್ನು ನಾನು ವರ್ಣಿಸಲಾರೆ.

ಹೀಗೆ ಕಲಬುರಗಿಯ ಅತ್ಯಂತ ಸೆಕೆಯ ಖಾನಾವಳಿ ಆರಂಭವಾಯಿತು. ನಡುವೆ ಒಲೆಗಳು, ಒಲೆಗಳ ಸುತ್ತ ಬೆಂಚುಗಳು. ರೊಟ್ಟಿಗಾಗಿ ಈಗ ಯಾರೂ ಓಡಬೇಕಾಗಿಲ್ಲ; ಕೂತಲ್ಲಿಂದ ಕೈ ಚಾಚಿದರೆ ಸಾಕು. ಓಡುವ ಸುಖ ತಪ್ಪಿತೆಂದು ಹಳೆಯ ಗಿರಾಕಿಗಳು ಗೊಣಗುತ್ತಾರೆ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾರೆ, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಉಫ್ ಎನ್ನುತ್ತಾರೆ, ಮರುದಿನ ಮತ್ತೆ ಬರುತ್ತಾರೆ. ಇಷ್ಟು ವರ್ಷ ಹೋಟೆಲುಗಳನ್ನು ನಾಲಿಗೆಯಿಂದ ಅಳೆದೆ, ಆಮೇಲೆ ಮಾಳಿಗೆಯಿಂದ ಅಳೆದೆ. ಹೊರಗೆ ಉಣ್ಣುವುದೆಂದರೆ ನಮ್ಮ ತಲೆಯನ್ನೂ ಹೊಟ್ಟೆಯನ್ನೂ ಸ್ವಲ್ಪ ಹೊತ್ತು ಬೇರೆಯವರ ವಶಕ್ಕೆ ಕೊಡುವುದು; ಅವರೂ ನಮ್ಮ ಜೊತೆಯಲ್ಲೇ ಕೂತಿದ್ದಾರೆ ಎಂದು ಕಂಡರೆ ಕೊಡುವುದು ಅಷ್ಟು ಕಷ್ಟವಲ್ಲ. ನನಗೆ ತಿಳಿದದ್ದು ಇಷ್ಟೇ, ಅದೂ ತಡವಾಗಿ.

ಧೈರ್ಯ ಪೂರ್ತಿ ಬಂದಿದೆ ಎಂದರೆ ಸುಳ್ಳಾಗುತ್ತದೆ. ನಾನು ಇಲ್ಲೂ ಬೆಂಚಿನ ಕೊನೆಗೆ, ಬಾಗಿಲ ಗಾಳಿ ತಾಗುವಲ್ಲಿ, ಕೂರುತ್ತಿದ್ದೆ. ಮೊನ್ನೆ ಶನಿವಾರ ಗದ್ದಲವಿತ್ತು. ಮದುವೆಯಾಗಿ ಹೆಚ್ಚು ದಿನವಾಗಿರದ ಗಂಡಹೆಂಡಿರಿಬ್ಬರು ಹೊಸ್ತಿಲಿಗೆ ಬಂದು, ಮುಖಕ್ಕೆ ಬಡಿದ ಕಾವಿಗೆ ಹಿಂಜರಿದು ನಿಂತರು. ಹುಡುಗಿ ಗಂಡನ ತೋಳು ಹಿಡಿದು ಹಿಂದಕ್ಕೆ ಎಳೆದಳು. ನೀಲಮ್ಮಕ್ಕ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ಅವರನ್ನೇ ನೋಡಿದರು. ಬಾಗಿಲಿಗೆ ಬಂದ ಜನ ಹಿಂದಿರುಗಿ ಹೋಗುವುದನ್ನು ನೋಡುವಾಗ ಅವರ ಮುಖ ಏನಾಗುತ್ತದೆಂದು ನನಗೆ ಗೊತ್ತು. ಬೆಂಚಿನ ಮೇಲಿದ್ದವರೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು ಸರಿದರು. ನಾನೂ ತಾಟು ಎತ್ತಿಕೊಂಡು ಬಾಗಿಲಿನಿಂದ ಒಳಕ್ಕೆ, ಒಲೆಯ ಕಡೆಗೆ, ಬೆವರುತ್ತಿದ್ದ ಇಸ್ಮಾಯಿಲನ ಮೈಗೆ ಮೈ ತಾಗುವಂತೆ ಸರಿದು ಕೂತೆ.

"ಬರ್ರಿ, ಬರ್ರಿ, ಒಳಗ ಜಾಗ ಅದಾ," ಎಂದು ಯಾರೋ ಅವರನ್ನು ಗಟ್ಟಿಯಾಗಿ ಕರೆದರು. ಯಾರೆಂದು ನೋಡಿದರೆ, ನಾನೇ.